ಮಳೆಗಾಲದಲ್ಲಿ ಮರದ ನೆಲ ಹಾಕಿಸುವವರು ಇದನ್ನೊಮ್ಮೆ ಓದಿ

ಉಡುಪಿ ಸಂತೆಕಟ್ಟೆಯ ಹತ್ತಿರ ನಮ್ಮ ಹೊಸ ಮನೆ. ಮಲಗುವ ಕೋಣೆ ಎರಡಕ್ಕೂ ಲ್ಯಾಮಿನೇಟ್ ಹಲಗೆ ಹಾಕಿಸುವ ಆಸೆ ನನ್ನದೇ. ಹೆಂಡತಿ ಟೈಲ್ಸ್ ಸಾಕು ಎಂದಿದ್ದಳು. ಅದನ್ನು ಅವಳು ಈಗಲೂ ಮರೆತಿಲ್ಲ.

ಮನೆ ಒಕ್ಕಲು, ಅಂದರೆ ಗೃಹಪ್ರವೇಶ, ತುಳುವರ ಸೋಣ ತಿಂಗಳಿಗೆ (ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ) ನಿಶ್ಚಯವಾಗಿತ್ತು. ಅದರ ಹಿಂದಿನ ಜೋರು ಮಳೆಯ ತಿಂಗಳು ಆಟಿಯಲ್ಲಿ ಶುಭಕಾರ್ಯ ಇಲ್ಲ ಅಲ್ವಾ, ಹಾಗಾಗಿ ಆಟಿ ಮುಗಿಯುವುದರೊಳಗೆ ಕೆಲಸ ಮುಗಿಸುವ ಅವಸರ. ಜುಲೈ ಮೊದಲ ವಾರ ಸ್ಲ್ಯಾಬ್ ಮೇಲೆ ಸ್ಕ್ರೀಡ್ ಹಾಕಿದರು. ನೆಲ ಮಟ್ಟ ಮಾಡಲು ಹಾಕುವ ಸಿಮೆಂಟ್, ಮರಳಿನ ಪದರ ಅದು. ಎರಡು ಇಂಚು ಅಂತ ಲೆಕ್ಕ. ಸ್ಲ್ಯಾಬ್ ಒಂದು ಕಡೆ ತಗ್ಗಿದ್ದರಿಂದ ಮಗಳ ಕೋಣೆಯ ಮೂಲೆಯಲ್ಲಿ ಅದು ಮೂರು ಇಂಚಾಯಿತು. ಎಳೆಯಲು ಸುಲಭವಾಗಲಿ ಅಂತ ನೀರೂ ಸ್ವಲ್ಪ ಜಾಸ್ತಿಯೇ ಬಿದ್ದಿತ್ತು.

"28 ದಿನ ಆದ್ರೆ ಆಯ್ತು ಮಾರಾಯ್ರೆ, ಕಲ್ಲಿನ ಹಾಗೆ ಆಗ್ತದೆ" ಅಂದರು ಮೇಸ್ತ್ರಿ. ಕಲ್ಲಿನ ಹಾಗೆ ಆಯಿತು ಕೂಡ. ಮೇಲೆ ಬೆಳ್ಳಗೆ, ಮುಟ್ಟಿದರೆ ಒಣ. ಹಲಗೆ ಹಾಕುವವರು ಬಂದು ಕಾಲಲ್ಲಿ ಕುಟ್ಟಿ ನೋಡಿ ಸರಿ ಅಂದರು. ತೆಳು ಫೋಮ್ ಹಾಸಿ, ಎರಡೇ ದಿನದಲ್ಲಿ ಮುಗಿಸಿ ಹೋದರು.

ಒಕ್ಕಲಿಗೆ ಬಂದವರೆಲ್ಲ ನೆಲ ನೋಡಿ ಹೊಗಳಿದರು. ಸೆಪ್ಟೆಂಬರ್ ಕೊನೆಗೆ ಮಗಳ ಕೋಣೆಯ ಬಾಗಿಲು ನೆಲಕ್ಕೆ ಉಜ್ಜತೊಡಗಿತು. ಆಮೇಲೆ ಹಲಗೆಗಳ ಅಂಚು ಊದಿತು. ನವರಾತ್ರಿ ಹೊತ್ತಿಗೆ ಮೂಲೆಯಲ್ಲಿ ನೆಲ ಗುಡಾರದಂತೆ ಎದ್ದಿತು. ಒಂದು ಹಲಗೆ ಕಿತ್ತರೆ ಕೆಳಗೆ ಕಪ್ಪು ಬೂಸ್ಟು, ಒದ್ದೆ ಗೋಣಿಯ ವಾಸನೆ. ಅಂಗಡಿಯವರಿಗೆ ಫೋನ್ ಮಾಡಿದೆ. ನೆಲದ ತೇವಕ್ಕೆ ವಾರಂಟಿ ಇಲ್ಲವಂತೆ. ಅವರ ಪುಸ್ತಕದಲ್ಲಿ ಹಾಗೇ ಬರೆದಿದೆ, ನಾನೇ ಓದಿರಲಿಲ್ಲ.

ಕೊನೆಗೆ ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರು ಬಂದು ಬಿಡಿಸಿ ಹೇಳಿದರು. 28 ದಿನ ಅನ್ನುವುದು ಸಿಮೆಂಟಿನ ಬಲದ ಲೆಕ್ಕ. ಒಣಗುವ ಲೆಕ್ಕವೇ ಬೇರೆ. ಮೊದಲ ಒಂದು ವಾರ ಸ್ಕ್ರೀಡನ್ನು ನಾವೇ ಒದ್ದೆ ಇಡುತ್ತೇವೆ, ಕ್ಯೂರಿಂಗ್‌ಗೆ. ಒಣಗುವುದು ಶುರುವಾಗುವುದೇ ಆಮೇಲೆ. ಒಳ್ಳೆಯ ಹವೆಯಲ್ಲಿ 50 ಮಿ.ಮೀ. ತನಕ ಮಿ.ಮೀ.ಗೆ ಒಂದು ದಿನ. ಅದಕ್ಕಿಂತ ದಪ್ಪವಾದರೆ ಮೇಲಿನ ಪ್ರತಿ ಮಿ.ಮೀ.ಗೆ ಸುಮಾರು ಎರಡು ದಿನ ಹಿಡಿಯಬೇಕು. ಅಂದರೆ ಎರಡು ಇಂಚಿಗೆ 50 ದಿನ, ನಮ್ಮ ಮೂಲೆಯ ಮೂರು ಇಂಚಿಗೆ 100 ದಿನ!

ಅದೂ ಒಳ್ಳೆಯ ಹವೆಯಲ್ಲಿ. ನಮ್ಮ ಜುಲೈಯಲ್ಲಿ ಗಾಳಿಯ ತೇವವೇ ಶೇಕಡಾ 90ರ ಆಸುಪಾಸು. ಮರದ ನೆಲಕ್ಕೆ ಸ್ಕ್ರೀಡಿನ ಒಳಗಿನ ಗಾಳಿಯ ತೇವ ಶೇಕಡಾ 75ಕ್ಕಿಂತ ಕೆಳಗೆ ಇಳಿಯಬೇಕು. ಗಾಳಿಯೇ 90 ಇರುವಾಗ ಅದು ಇಳಿಯುವುದು ಎಲ್ಲಿಗೆ? ಕಿಟಕಿ ತೆರೆದಿಟ್ಟು ಗಾಳಿ ಆಡಲಿ ಅಂತ ನಾನು ಬೇರೆ ಬಿಟ್ಟಿದ್ದೆ. ಇದನ್ನು ಕೇಳಿ ಅತ್ತೆ, "ಆಟಿಯಲ್ಲಿ ಯಾರಾದರೂ ಹಪ್ಪಳ ಒಣಗಿಸ್ತಾರಾ?" ಅಂದರು. ಎಂಜಿನಿಯರ್ ಅರ್ಧ ಗಂಟೆ ಹೇಳಿದ್ದು ಅಷ್ಟೇ.

ಮೇಲ್ಭಾಗ ಬೆಳ್ಳಗಾದರೂ ಒಳಗೆ ನೀರು ಇರುತ್ತದೆ. ಹಲಗೆ ಮುಚ್ಚಿದ ಮೇಲೆ ಅದು ನಿಧಾನ ಮೇಲೇರುತ್ತದೆ. ಬೇಗ ಒಣಗಲಿ ಅಂತ ಹೀಟರ್ ಇಡುವುದೂ ತಪ್ಪೇ, ಮೇಲ್ಭಾಗ ಮಾತ್ರ ಒಣಗಿ ಅಂಚು ಎದ್ದು ಬಿರುಕು ಬಿಡಬಹುದು. ಅವಸರ ಇದ್ದರೆ ಕ್ಯೂರಿಂಗ್ ಮುಗಿದ ಮೇಲೆ ಕಿಟಕಿ ಮುಚ್ಚಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಎಳೆಯುವ ಯಂತ್ರ) ಇಡಿ ಅಂದರು ಎಂಜಿನಿಯರ್.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಸಂಜೆ ಹಚ್ಚಿದರೆ ಮರುದಿನ ಹತ್ತು ಗಂಟೆಗೆ ತೆಗೆಯಿರಿ. ಹನಿ ಕೂತಿದ್ದರೆ, ನೆಲ ಕಪ್ಪಾಗಿದ್ದರೆ ಹಲಗೆಯವರನ್ನು ವಾಪಸ್ ಕಳಿಸಿ. ಏನೂ ಕಾಣದಿದ್ದರೂ ಒಳಗೆ ಒಣಗಿದೆ ಅಂತಲ್ಲ. ತೂತು ಕೊರೆದು ಮೀಟರ್ ಇಟ್ಟು ನೋಡುವವರನ್ನೇ ಕರೆಸಿ, ತುಂಬ ದಪ್ಪ ಇರುವ ಜಾಗದಲ್ಲೇ ನೋಡಿಸಿ.

ನಾವು ಎಲ್ಲ ಹಲಗೆ ಕಿತ್ತು ಬಿಸಾಡಿದೆವು. ಫೆಬ್ರವರಿಯಲ್ಲಿ ದೊಡ್ಡ ಕೋಣೆ 72 ತೋರಿಸಿತು, ಅಲ್ಲಿಗೆ ಮತ್ತೆ ಹಲಗೆ ಹಾಕಿಸಿದೆ. ಮಗಳ ಕೋಣೆಯ ಮೂಲೆ ಇನ್ನೂ 81. ಸದ್ಯಕ್ಕೆ ಅಲ್ಲಿ ಬರೀ ಸಿಮೆಂಟ್, ಮೇಲೊಂದು ಚಾಪೆ.