ರಿಯೋಟೂಲ್: ಕೆಲವು ವರ್ಷ ಬಳಸಿದ ಮೇಲೆ

ಬೆಂಡೆಕಾಯಿ ಲೋಳೆಯಂಥ ದ್ರವ ಅಗಲದ ದಾರಿಯಿಂದ ಇಕ್ಕಟ್ಟಿನ ದಾರಿಗೆ ನುಗ್ಗುವಾಗ ಏನಾಗುತ್ತದೆ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಕೆಲವು ವರ್ಷಗಳಿಂದ ಇದಕ್ಕೆ ರಿಯೋಟೂಲ್ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಪೋರ್ಚುಗಲ್‌ನ ಪೋರ್ಟೊ ವಿಶ್ವವಿದ್ಯಾಲಯದ ಫ್ರಾನ್ಸಿಸ್ಕೊ ಪಿಮೆಂಟಾ ಮತ್ತು ಮ್ಯಾನುಯೆಲ್ ಆಲ್ವೆಸ್ ಇದನ್ನು ಓಪನ್‌ಫೋಮ್ ಎಂಬ, ಹರಿವಿನ ಲೆಕ್ಕ ಹಾಕುವ ಸಾಫ್ಟ್‌ವೇರ್ ಮೇಲೆ ಕಟ್ಟಿದ್ದಾರೆ. ಪುಕ್ಕಟೆ ಸಿಗುತ್ತದೆ, ಕೋಡ್ ಕೂಡ ಮುಕ್ತ.

ನಾನು ಇದನ್ನೇ ಹಿಡಿದುಕೊಂಡಿರಲು ದೊಡ್ಡ ಕಾರಣ ಒಂದಿದೆ. ದ್ರವದ ಎಳೆತ (ರಬ್ಬರಿನಂತೆ ಹಿಗ್ಗಿ ಮತ್ತೆ ಕುಗ್ಗುವ ಗುಣ) ಜಾಸ್ತಿಯಾದಂತೆ, ಅಂದರೆ ಅದನ್ನು ಅಳೆಯುವ ವೈಸೆನ್‌ಬರ್ಗ್ ಸಂಖ್ಯೆ ಏರಿದಂತೆ, ಸಾಮಾನ್ಯ ವಿಧಾನಗಳಲ್ಲಿ ಲೆಕ್ಕವೇ ಸಿಡಿದು ಹೋಗುತ್ತದೆ. ಚೂಪು ಮೂಲೆಯ ಹತ್ತಿರ ಸ್ಟ್ರೆಸ್ (ದ್ರವದೊಳಗಿನ ಬಿಗಿತ) ಅಷ್ಟು ಕಡಿದಾಗಿ ಏರುತ್ತದೆ. 2004ರಲ್ಲಿ ಫಟಾಲ್ ಮತ್ತು ಕಪ್ಫರ್‌ಮನ್ ಎಂಬ ಸಂಶೋಧಕರು ಒಂದು ದಾರಿ ತೋರಿಸಿದರು: ದ್ರವದಲ್ಲಿರುವ ಪಾಲಿಮರ್ ಎಳೆಗಳ ಹಿಗ್ಗನ್ನು ಹೇಳುವ ಟೆನ್ಸರ್ (ಬೇರೆ ಬೇರೆ ದಿಕ್ಕಿನ ಅಂಕಿಗಳ ಕಟ್ಟು) ಬದಲು ಅದರ ಲಾಗರಿದಮ್ ಇಟ್ಟುಕೊಂಡು ಲೆಕ್ಕ ಮಾಡಿ. ಕಡಿದಾದ ಏರು ಸೌಮ್ಯವಾಗುತ್ತದೆ. ರಿಯೋಟೂಲ್‌ನಲ್ಲಿ ಇದು ಸಿದ್ಧವಾಗಿದೆ. ದ್ರವದ ಗುಣ ಬರೆಯುವ ಫೈಲ್‌ನಲ್ಲಿ ಮಾಡೆಲ್ (ದ್ರವದ ನಡವಳಿಕೆ ಹೇಳುವ ಸಮೀಕರಣ) ಹೆಸರಿನ ಕೊನೆಗೆ 'ಲಾಗ್' ಇರುವುದನ್ನು ಆರಿಸಿದರೆ ಆಯಿತು.

ಆದರೆ ಲೆಕ್ಕ ಸಿಡಿಯಲಿಲ್ಲ ಅಂದಮಾತ್ರಕ್ಕೆ ಉತ್ತರ ಸರಿ ಅಂತಲ್ಲ. ಇದನ್ನು ಹೊಸಬರಿಗೆ ಒತ್ತಿ ಹೇಳುತ್ತೇನೆ. ಜೊತೆಗೆ ಕೊಟ್ಟಿರುವ ಉದಾಹರಣೆಗಳಲ್ಲಿ 4:1 ಕಿರಿದಾಗುವ, ಅಂದರೆ ಅಗಲ ಕಾಲು ಭಾಗಕ್ಕೆ ಇಳಿಯುವ ಚಾನೆಲ್ ಇದೆ. ಅದನ್ನೇ ಮೊದಲು ಓಡಿಸಿ. ಎಳೆತವಿಲ್ಲದ ದ್ರವ ತುಂಬ ನಿಧಾನ ಹರಿಯುವಾಗ ಮೂಲೆಯ ಸುಳಿ, ಕಿರಿದಾದ ಚಾನೆಲ್‌ನ ಅರ್ಧ ಅಗಲದ ಸುಮಾರು 1.5 ಪಟ್ಟು ಉದ್ದ ಇರಬೇಕು. ಆಮೇಲೆ ಚೂಪು ಮೂಲೆಯ ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಚೂರು ಮಾಡುವ ಬಲೆ) ಸಣ್ಣದು ಮಾಡುತ್ತಾ ಹೋಗಿ. ಅಲ್ಲಿ ಸ್ಟ್ರೆಸ್ ಅನಂತಕ್ಕೆ ಹೋಗುವುದರಿಂದ ಗರಿಷ್ಠ ಸ್ಟ್ರೆಸ್ ಒಂದು ಅಂಕಿಗೆ ನಿಲ್ಲುವುದೇ ಇಲ್ಲ. ಸುಳಿಯ ಉದ್ದ ನಿಲ್ಲುತ್ತದಾ, ಅದನ್ನು ನೋಡಿ.

ಇನ್ನೊಂದು ಗೊಂದಲ. ಈ ಚಪ್ಪಟೆ ಚಾನೆಲ್‌ನಲ್ಲಿ ಓಲ್ಡ್‌ರಾಯ್ಡ್-ಬಿ ಎಂಬ ಮಾಡೆಲ್ ಹಾಕಿದರೆ ಎಳೆತ ಏರಿದಂತೆ ಮೂಲೆಯ ಸುಳಿ ಕುಗ್ಗುತ್ತದೆ. ಪಿಟಿಟಿ ಎಂಬ ಇನ್ನೊಂದು ಮಾಡೆಲ್ ಹಾಕಿದರೆ ಬೆಳೆಯುತ್ತದೆ. ಸಾಫ್ಟ್‌ವೇರ್ ಕೆಟ್ಟಿದೆ ಅಂದುಕೊಳ್ಳಬೇಡಿ, ಮಾಡೆಲ್‌ಗಳೇ ಬೇರೆ ಅಲ್ವಾ.

ಕೊರತೆಗಳೂ ಇವೆ. ಗುಂಡಿ ಒತ್ತಿ ನಡೆಸುವ ಸಾಧನ ಇದಲ್ಲ, ಎಲ್ಲವೂ ಟರ್ಮಿನಲ್ ಮತ್ತು ಫೈಲ್‌ಗಳಲ್ಲೇ. ಓಪನ್‌ಫೋಮ್‌ನ ಆವೃತ್ತಿ ಹೊಂದಬೇಕು. ಸಣ್ಣ ಮೆಶ್‌ಗೆ ಟೈಮ್ ಸ್ಟೆಪ್ (ಲೆಕ್ಕ ಮುಂದೆ ಇಡುವ ಒಂದೊಂದು ಸಮಯದ ಹೆಜ್ಜೆ) ಕೂಡ ಸಣ್ಣದಾಗುವುದರಿಂದ ಓಟ ಬಹಳ ಹೊತ್ತು ಹಿಡಿಯುತ್ತದೆ. ಕೈಪಿಡಿ ಮಾತ್ರ ಚೆನ್ನಾಗಿದೆ, ಸಮೀಕರಣದಿಂದ ಫೈಲ್‌ವರೆಗೆ ಬಿಡಿಸಿ ಹೇಳುತ್ತದೆ.

ನನಗೆ ತುಂಬ ಇಷ್ಟವಾದದ್ದು ಜೊತೆಗೇ ಬರುವ ರಿಯೋಟೆಸ್ಟ್‌ಫೋಮ್. ಚಾನೆಲ್ ಬೇಡ, ಮೆಶ್ ಕಟ್ಟುವ ದೊಡ್ಡ ಕೆಲಸವೂ ಇಲ್ಲ. ನಿಮ್ಮ ದ್ರವಕ್ಕೆ ಆರಿಸಿದ ಮಾಡೆಲ್ ಬರೀ ಶಿಯರ್‌ನಲ್ಲಿ (ಪದರದ ಮೇಲೆ ಪದರ ಜಾರುವಾಗ), ಬರೀ ಉದ್ದಕ್ಕೆ ಹಿಗ್ಗಿಸಿದಾಗ ಹೇಗೆ ನಡೆದುಕೊಳ್ಳುತ್ತದೆ ಅಂತ ಬೇಗ ತೋರಿಸುತ್ತದೆ. ಲ್ಯಾಬ್‌ನಲ್ಲಿ ದ್ರವದ ಹರಿವಿನ ಗುಣ ಅಳೆಯುವ ರಿಯೋಮೀಟರ್ ಅಂಕಿಗಳ ಪಕ್ಕ ಇಟ್ಟು ನೋಡಿ. ಅಲ್ಲೇ ಹೊಂದದಿದ್ದರೆ ದೊಡ್ಡ ಓಟ ಶುರು ಮಾಡಬೇಡಿ.