ಮೂವತ್ತು ದಿನದ ಮಾಡು: ಅಮೆರಿಕದ ‘ಬ್ಲೂ ರೂಫ್’ ಸೇವೆ ಎಷ್ಟು ಗಟ್ಟಿ?

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಅಮೆರಿಕದಲ್ಲಿ ಚಂಡಮಾರುತ ಬಂದು ಹೋದಮೇಲೆ ಸರ್ಕಾರ ಪುಕ್ಕಟೆಯಾಗಿ ಮಾಡಿಗೆ ಹೊದಿಸುವ ನೀಲಿ ಪ್ಲಾಸ್ಟಿಕ್ಕಿಗೆ ಮಾತ್ರ ಮೊಳ ಹಾಕಿಯೇ ನೋಡಬೇಕು. ಅದರ ಕೆಳಗೆ ಜನ ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ಮಲಗಿ ಏಳುತ್ತಾರೆ. ‘ಆಪರೇಷನ್ ಬ್ಲೂ ರೂಫ್’ ಎಂಬ ಈ ಸೇವೆ ಫ್ಲೋರಿಡಾ, ಲೂಸಿಯಾನಾ ಕಡೆ ಮನೆ ಮಾಡಿಕೊಂಡ ಕನ್ನಡಿಗರಿಗೆ ಯಾವ ವರ್ಷವಾದರೂ ಬೇಕಾಗಬಹುದು. ಮಳೆಗಾಲಕ್ಕೆ ಮುಂಚೆ ಟಾರ್ಪಾಲು ಕಟ್ಟುವ ನಮ್ಮ ಕರಾವಳಿ, ಮಲೆನಾಡಿನವರಿಗೂ ಇದರ ಕೆಲಸದ ರೀತಿಯಲ್ಲಿ ಕಲಿಯುವುದು ಇದೆ, ತಕರಾರು ತೆಗೆಯುವುದೂ ಇದೆ.

ದುಡ್ಡು ಮತ್ತು ಹೊಣೆ ಫೆಮಾದ್ದು, ಅಂದರೆ ಅಲ್ಲಿನ ಕೇಂದ್ರ ವಿಪತ್ತು ನಿರ್ವಹಣಾ ಸಂಸ್ಥೆಯದ್ದು. ಕೆಲಸ ಮಾಡಿಸುವುದು ಆರ್ಮಿ ಕೋರ್ ಆಫ್ ಎಂಜಿನಿಯರ್ಸ್. ಏಣಿ ಹತ್ತುವವರು ಗುತ್ತಿಗೆದಾರರ ಆಳುಗಳು. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಗಂಟೆಗೆ ಸುಮಾರು 250 ಕಿ.ಮೀ. ವೇಗದ ಗಾಳಿಯೊಂದಿಗೆ ಅಮೆರಿಕದ ಆಡಳಿತದಲ್ಲಿರುವ ದ್ವೀಪ ಪೋರ್ಟೊ ರಿಕೊಗೆ ಅಪ್ಪಳಿಸಿದ ಮೇಲೆ ಸುಮಾರು 59,000 ಮನೆಗಳಿಗೆ ಹೀಗೆ ನೀಲಿ ಮಾಡು ಹೊದಿಸಲಾಯಿತು. 2021ರ ಆಗಸ್ಟ್ 29ರ ಐಡಾ ನಂತರ ಲೂಸಿಯಾನಾದಲ್ಲಿ 33,000ಕ್ಕೂ ಹೆಚ್ಚು. ಇಷ್ಟು ದೊಡ್ಡ ಲೆಕ್ಕದಲ್ಲಿ ಕೆಲಸ ನಡೆದರೆ ಒಂದು ಬೀದಿಯಲ್ಲಿ ಅಚ್ಚುಕಟ್ಟು, ಪಕ್ಕದ ಬೀದಿಯಲ್ಲಿ ಗಡಿಬಿಡಿ ಆಗಿಯೇ ಆಗುತ್ತದೆ. ಆದ್ದರಿಂದ ಹೊದಿಸಿದ ದಿನವೇ ನಿಂತು ನೋಡುವುದು ಮನೆಯವರ ಕೆಲಸ.

ಅರ್ಜಿ ಹಾಕುವುದು ಕಷ್ಟವಲ್ಲ. 1-888-766-3258ಕ್ಕೆ ಕರೆ ಮಾಡಬಹುದು, ಬ್ಲೂರೂಫ್ ಡಾಟ್ ಗವ್ ಜಾಲತಾಣದಲ್ಲೂ ತುಂಬಬಹುದು. ಮನೆಯ ಆವರಣಕ್ಕೆ ಬಂದು ಮಾಡಿನ ಮೇಲೆ ಹತ್ತಲು ಒಪ್ಪಿಗೆ ಕೊಡುವ ಒಂದು ಫಾರಂಗೆ ಸಹಿ ಮಾಡಬೇಕು. ಜನ ಎಡವುವುದು ಇಲ್ಲೇ. ಆನ್‌ಲೈನ್‌ನಲ್ಲಿ ವಿಳಾಸ ತುಂಬಿ, ಸಹಿಯ ಪುಟಕ್ಕೆ ಹೋಗದೆ ಮುಚ್ಚಿಬಿಟ್ಟರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಬಾಡಿಗೆಗೆ ಇರುವವರು ಮಾಲೀಕರ ಒಪ್ಪಿಗೆಯನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು. ಸಹಿ ಆದಮೇಲೆ ಒಬ್ಬರು ಬಂದು ಹಾನಿ ಅಳೆಯುತ್ತಾರೆ, ಬೇರೆ ತಂಡ ಬಂದು ಹೊದಿಸುತ್ತದೆ. ಮಾಡಿನ ಮೇಲೆ ಬಿದ್ದ ಕೊಂಬೆ, ಕಸ ಇದ್ದರೆ ಅದನ್ನು ಮೊದಲೇ ತೆಗೆಸಿಡಬೇಕು, ಅವರು ತೆಗೆಯುವುದಿಲ್ಲ. ಯಾವ ಹಂತದಲ್ಲೂ ಒಂದು ಡಾಲರ್ ಕೂಡ ಕೊಡುವಂತಿಲ್ಲ. “ಬೇಗ ಮಾಡಿಸಿಕೊಡುತ್ತೇವೆ, ಮುಂಗಡ ಕೊಡಿ” ಎಂದವರು ಈ ಸೇವೆಯವರಲ್ಲ, ಬಾಗಿಲು ಹಾಕಿಕೊಳ್ಳಿ. ಇನ್ನೊಂದು ಮಾತು: ಸೇವೆ ಎಲ್ಲ ಚಂಡಮಾರುತಕ್ಕೂ ತಾನಾಗಿ ಬರುವುದಿಲ್ಲ. ರಾಜ್ಯ ಸರ್ಕಾರ ಕೇಳಬೇಕು, ಆಮೇಲೂ ಗೊತ್ತುಮಾಡಿದ ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಿದ್ದಂತೆ) ಮಾತ್ರ, ಗೊತ್ತುಮಾಡಿದ ದಿನಾಂಕದವರೆಗೆ ಮಾತ್ರ.

ಯಾರಿಗೆ ಸಿಗುವುದಿಲ್ಲ ಎಂಬುದರಲ್ಲಿ ಈ ಸೇವೆಯ ಮೊದಲ ಹುಳುಕು ಇದೆ. ಮನೆ ತಾವು ನಿತ್ಯ ವಾಸಿಸುವ ಮನೆಯಾಗಿರಬೇಕು ಅಥವಾ ಕಾಯಂ ಬಾಡಿಗೆದಾರರು ಇರುವ ಮನೆಯಾಗಿರಬೇಕು. ಪ್ರವಾಸಿಗರಿಗೆ ಕೊಡುವ ಮನೆಗೆ ಇಲ್ಲ. ಕಟ್ಟಡಕ್ಕೆ ಆದ ಹಾನಿ 50%ಕ್ಕಿಂತ ಕಡಿಮೆ ಇರಬೇಕು. ಇವೆಲ್ಲ ಸರಿಯೇ. ಆದರೆ ಸಮತಟ್ಟಾದ ಮಾಡು, ತಗಡಿನ ಮಾಡು, ಮಣ್ಣಿನ ಹೆಂಚು, ಸ್ಲೇಟು, ಕಲ್ನಾರು ಇವು ಸಾಮಾನ್ಯವಾಗಿ ಲೆಕ್ಕಕ್ಕೇ ಬರುವುದಿಲ್ಲ. ಮೊಳೆ ಹೊಡೆದರೆ ಹೆಂಚು ಒಡೆಯುತ್ತದೆ, ತಗಡಿನಲ್ಲಿ ಕಾಯಂ ತೂತಾಗುತ್ತದೆ ಎಂಬ ಕಾರಣವನ್ನು ತಳ್ಳಿಹಾಕುವಂತಿಲ್ಲ. ಆದರೂ ಫ್ಲೋರಿಡಾದಲ್ಲಿ ಹೆಂಚಿನ ಮನೆಗಳಿಗೇನೂ ಬರವಿಲ್ಲ. ಮರಿಯಾ ನಂತರ ಪೋರ್ಟೊ ರಿಕೊದಲ್ಲಿ ಮರದ ಚೌಕಟ್ಟಿಗೆ ತಗಡು ಹೊಡೆದ ಮಾಡುಗಳಿಗೂ ಹೊದಿಸಿದ್ದಾರೆ. ಮನಸ್ಸಿದ್ದರೆ ನಿಯಮ ಬಾಗುತ್ತದೆ ಅಂತಾಯಿತು. ಹೆಂಚಿನ ಮನೆಯವರು “ಹೇಗೂ ಸರ್ಕಾರದವರು ಬರುತ್ತಾರೆ” ಎಂದು ಕಾಯುವುದು ಬೇಡ, ಮೊದಲ ದಿನವೇ ಸ್ವಂತ ಏರ್ಪಾಡು ನೋಡಿಕೊಳ್ಳಬೇಕು.

ಈಗ ಕೆಲಸಕ್ಕೆ ಬರೋಣ. ಬಳಸುವ ಹಾಳೆ ಒಳಗೆ ನೂಲು ಸೇರಿಸಿದ ಪ್ಲಾಸ್ಟಿಕ್. 20 ಅಡಿ ಅಗಲ, 100 ಅಡಿ ಉದ್ದದ ರೋಲಿನಲ್ಲಿ ಬರುತ್ತದೆ. ಅಂಗಡಿಯ ಟಾರ್ಪಾಲಿನಂತೆ ಅಂಚಿನಲ್ಲಿ ಲೋಹದ ಕಣ್ಣು ಇರುವುದಿಲ್ಲ, ಹಗ್ಗವೂ ಇಲ್ಲ. ಮೇಲೆ ಮರದ ರೀಪು ಇಟ್ಟು ಮೊಳೆ ಹೊಡೆಯುತ್ತಾರೆ. ನಮ್ಮವರಿಗೆ ಇದು ವಿಚಿತ್ರ ಅನ್ನಿಸುತ್ತದೆ: ಸೋರುವ ಮಾಡಿಗೆ ಇನ್ನೂ ನೂರು ತೂತೇ? ಆದರೆ ಗಾಳಿಯ ಲೆಕ್ಕ ಗೊತ್ತಿದ್ದರೆ ಇದೇ ಸರಿ. ಮಾಡಿನ ಮೇಲೆ ಹಾಯುವ ಗಾಳಿ ಹಾಳೆಯನ್ನು ಒತ್ತುವುದಿಲ್ಲ, ಮೇಲಕ್ಕೆ ಹೀರುತ್ತದೆ. ಹಗ್ಗ ಕಟ್ಟಿದ ಟಾರ್ಪಾಲಿನಲ್ಲಿ ಆ ಎಳೆತವೆಲ್ಲ ನಾಲ್ಕಾರು ಕಣ್ಣುಗಳ ಮೇಲೆ ಬಿದ್ದು, ಕಣ್ಣು ಕಿತ್ತು, ಅಲ್ಲಿಂದ ಹರಿತ ಶುರುವಾಗುತ್ತದೆ. ರೀಪಿನ ಕೆಳಗೆ ಸಿಕ್ಕಿದ ಹಾಳೆಯಲ್ಲಿ ಅದೇ ಎಳೆತ ಉದ್ದಕ್ಕೂ ಹಂಚಿಹೋಗುತ್ತದೆ. ಮೊಳೆಯ ಸುತ್ತ ಹಾಳೆಯನ್ನು ಮರ ಅದುಮಿ ಹಿಡಿದಿರುವುದರಿಂದ ಆ ತೂತಿನಲ್ಲಿ ನೀರು ಇಳಿಯುವುದೂ ಕಡಿಮೆ. ಮರಳಿನ ಚೀಲ, ಇಟ್ಟಿಗೆ ಹೇರಿ ನಂಬಿ ಕೂರುವಂತಿಲ್ಲ. ಗಾಳಿಗೆ ಹಾಳೆ ಏಳುತ್ತದೆ, ಇಟ್ಟಿಗೆ ಜಾರಿ ಯಾರದೋ ತಲೆಯ ಮೇಲೆ ಬೀಳುತ್ತದೆ.

ತಂಡ ಇಳಿದು ಹೋಗುವ ಮುಂಚೆ ಅಂಗಳದಲ್ಲೇ ನಿಂತು ನೋಡಬೇಕಾದದ್ದು ಇಷ್ಟು. ಹಾಳೆ ಮಾಡಿನ ನೆತ್ತಿ ದಾಟಿ ಆಚೆ ಇಳಿಜಾರಿಗೆ ಕನಿಷ್ಠ 3–4 ಅಡಿ ಹೋಗಿದೆಯೇ? ನೆತ್ತಿಗಿಂತ ಕೆಳಗೇ ನಿಂತಿದ್ದರೆ ಮೇಲಿನಿಂದ ಹರಿದು ಬಂದ ಮಳೆನೀರು ನೇರ ಹಾಳೆಯ ಅಡಿಗೇ ನುಗ್ಗುತ್ತದೆ, ಹೊದಿಸಿಯೂ ಪ್ರಯೋಜನವಿಲ್ಲ. ನಡುವಿನ ರೀಪುಗಳು ಮೇಲಿನಿಂದ ಕೆಳಕ್ಕೆ, ನೀರು ಹರಿಯುವ ದಿಕ್ಕಿನಲ್ಲೇ ಇವೆಯೇ? ಅಡ್ಡ ಹೊಡೆದ ರೀಪು ಒಂದು ಪುಟ್ಟ ಅಣೆಕಟ್ಟು. ಅದರ ಹಿಂದೆ ನೀರು ನಿಂತು, ಭಾರಕ್ಕೆ ಹಾಳೆ ಜೋತು, ಮೊಳೆಯ ತೂತಿನಿಂದ ತೊಟ್ಟಿಕ್ಕುತ್ತದೆ. ಸೂರಿನ ಬಳಿ ಹಾಳೆಯನ್ನು ಅಂಚಿನ ಕೆಳಗೆ ಮಡಚಿ ಹಲಗೆಗೆ ಹೊಡೆದಿದ್ದಾರೆಯೇ, ಅಥವಾ ಸುಮ್ಮನೆ ಇಳಿಬಿಟ್ಟಿದ್ದಾರೆಯೇ? ಇಳಿಬಿಟ್ಟ ಅಂಚು ರಾತ್ರಿಯೆಲ್ಲ ಪಟಪಟ ಬಡಿಯುತ್ತದೆ, ನಿದ್ದೆಗೇಡು ಒಂದು ಕಡೆ, ಬಡಿತಕ್ಕೇ ಹಾಳೆ ಸವೆದು ಹರಿಯುವುದು ಇನ್ನೊಂದು ಕಡೆ. ಎರಡು ಹಾಳೆ ಕೂಡುವಲ್ಲಿ ಮೇಲಿನದು ಕೆಳಗಿನದರ ಮೇಲೆ ಬರಬೇಕು, ಹೆಂಚು ಹೊದಿಸುವ ಹಾಗೆ. ಮೂರು ಪ್ರಶ್ನೆಗೆ ಉತ್ತರ ಸರಿಯಿದ್ದರೂ ನೆತ್ತಿಯದು ತಪ್ಪಿದ್ದರೆ ಮತ್ತೆ ಏಣಿ ಹತ್ತಿಸಿ. ಆಮೇಲೆ ಕರೆದರೆ ಸರದಿಯ ಕೊನೆಗೆ ನಿಲ್ಲಬೇಕಾಗುತ್ತದೆ.

ಸೇವೆ ಬರುವವರೆಗೆ ಅಥವಾ ಸೇವೆ ಸಿಗದವರಿಗೆ ಅಂಗಡಿಯ ಟಾರ್ಪಾಲೇ ಗತಿ. ಇಲ್ಲಿ ಅಗ್ಗದ್ದು ದುಬಾರಿ. ಅಮೆರಿಕದಲ್ಲಿ ದಪ್ಪವನ್ನು ಮಿಲ್‌ನಲ್ಲಿ ಹೇಳುತ್ತಾರೆ. ಒಂದು ಮಿಲ್ ಅಂದರೆ 25 ಮೈಕ್ರಾನ್ ಅಂತಿಟ್ಟುಕೊಳ್ಳಿ. ನಮ್ಮಲ್ಲಿ ಜಿಎಸ್ಎಂ ಲೆಕ್ಕ, ಅದು ತೂಕದ್ದು, ಚದರ ಮೀಟರಿಗೆ ಎಷ್ಟು ಗ್ರಾಂ ಎಂದು. ಅಡಿಕೆ ಒಣಗಿಸುವ ಅಂಗಳಕ್ಕೆ ಹಾಳೆ ಕೊಂಡವರಿಗೆ ಗೊತ್ತು, ಬಣ್ಣ ನೋಡಿ ಕೊಂಡರೆ ಕೆಟ್ಟರು. ತೆಳು ನೀಲಿ ಟಾರ್ಪಾಲು 5 ಮಿಲ್ ಆಸುಪಾಸು, ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಮಾಡಿಗಾದರೆ 10 ಮಿಲ್‌ಗಿಂತ ಕಡಿಮೆಯದು ಬೇಡ.

ಒಂದು ಲೆಕ್ಕ ಹಾಕೋಣ. ನೆತ್ತಿಯಿಂದ ಸೂರಿಗೆ 15 ಅಡಿ ಇಳಿಜಾರು, ಹಾನಿಯ ಅಗಲ 10 ಅಡಿ. ಆಚೆ ಬದಿಗೆ 4 ಅಡಿ ಸೇರಿಸಿದರೆ 19, ಆದ್ದರಿಂದ 20 ಅಡಿ ಉದ್ದ. ಅಕ್ಕಪಕ್ಕ ಮೂರು ಮೂರು ಅಡಿ ಸೇರಿಸಿದರೆ 16 ಅಡಿ ಅಗಲ. ಎರಡಡಿಗೊಂದು ರೀಪಿನ ಸಾಲು ಅಂದರೆ 9 ಸಾಲು, ಒಟ್ಟು 180 ಅಡಿ. ಮೇಲೂ ಕೆಳಗೂ ಅಂಚಿಗೆ 32 ಅಡಿ. ಎಂಟಡಿ ಉದ್ದದ ರೀಪು 27 ಬೇಕು, ಬಿರುಕಿನದು, ಡೊಂಕಿನದು ಲೆಕ್ಕ ಹಿಡಿದು 30 ತನ್ನಿ. ಅಡಿಗೊಂದು ಸ್ಕ್ರೂ ಅಂದರೆ 212, ಅಂದರೆ 250ರ ಡಬ್ಬ. ಎರಡಿಂಚಿನ ಸ್ಕ್ರೂ ಸಾಕು: ರೀಪು ಮುಕ್ಕಾಲು ಇಂಚು, ಶಿಂಗಲ್ಸ್ (ಅಲ್ಲಿನ ಮಾಡಿಗೆ ಹೊದಿಸುವ ಡಾಂಬರಿನ ತೆಳು ಬಿಲ್ಲೆ) ಕಾಲು ಇಂಚು, ಅದರಡಿಯ ಪ್ಲೈವುಡ್ ಅರ್ಧ ಇಂಚು. ಪಕ್ಕಾಸು ಸಾಮಾನ್ಯವಾಗಿ 16 ಅಥವಾ 24 ಇಂಚಿಗೊಂದು ಇರುತ್ತದೆ, ಅಟ್ಟದ ಒಳಗಿಂದ ಅಳೆದು ಗುರುತು ಹಾಕಿಕೊಂಡರೆ ರೀಪು ಅದರ ಮೇಲೆಯೇ ಕೂರುತ್ತದೆ. ಕೊನೆಯ ಅಂಚಿನಲ್ಲಿ ರೀಪಿಗೆ ಹಾಳೆಯನ್ನು ಎರಡು ಸುತ್ತು ಸುತ್ತಿ, ಸುತ್ತಿದ ಮಗ್ಗುಲು ಅಡಿಗೆ ಬರುವಂತೆ ತಿರುಗಿಸಿ ಹೊಡೆಯಬೇಕು. ಮಾಡು ಒದ್ದೆಯಿದ್ದರೆ ಹತ್ತಬೇಡಿ. ಗಾಳಿಗೆ ಬದುಕಿ ಉಳಿದವರು ಏಣಿಯಿಂದ ಬಿದ್ದು ಆಸ್ಪತ್ರೆ ಸೇರುವುದು ಪ್ರತಿ ಚಂಡಮಾರುತದ ನಂತರದ ಕಥೆ.

ಸ್ವಂತಕ್ಕೆ ಹೊದಿಸಿದ್ದಕ್ಕೂ ಬ್ಲೂ ರೂಫಿಗೂ ಹೋಲಿಸಿದರೆ, ಸರಿಯಾದ ತಂಡ ಬಂದಲ್ಲಿ ಬ್ಲೂ ರೂಫ್ ಒಂದು ಕೈ ಮೇಲು. ಅದರ ದೊಡ್ಡ ದೌರ್ಬಲ್ಯ ಆಯಸ್ಸು. ಹಾಳೆಯನ್ನು ರೂಪಿಸಿರುವುದೇ 30 ದಿನಕ್ಕೆ, ಇದನ್ನು ಅವರೇ ಹೇಳುತ್ತಾರೆ. ಉಷ್ಣವಲಯದ ಬಿಸಿಲಿನ ನೇರಳಾತೀತ ಕಿರಣಕ್ಕೆ ಪ್ಲಾಸ್ಟಿಕ್ಕಿನ ಒಳಬಂಧ ತುಂಡಾಗಿ, ಬಣ್ಣ ಮಾಸಿ, ಮುಟ್ಟಿದರೆ ಪುಡಿ ಉದುರುವಂತಾಗುತ್ತದೆ. ಆದರೆ ಒಂದಿಡೀ ಊರಿನ ಮಾಡು ಹಾರಿಹೋದಾಗ 30 ದಿನದಲ್ಲಿ ಮೇಸ್ತ್ರಿ ಸಿಗುವುದುಂಟೇ? ಪೋರ್ಟೊ ರಿಕೊದಲ್ಲಿ ಕರೆಂಟು ಎಲ್ಲ ಮನೆಗೂ ಮರಳಲು ಸುಮಾರು 11 ತಿಂಗಳು ಹಿಡಿಯಿತು, ಸಾವಿರಾರು ಮನೆಗಳ ಮೇಲೆ ನೀಲಿ ಹಾಳೆ ವರ್ಷ ದಾಟಿಯೂ ಉಳಿಯಿತು. ತಪ್ಪು ಹಾಳೆಯದಷ್ಟೇ ಅಲ್ಲ. ತಲೆಮಾರಿನಿಂದ ವಾಸವಿದ್ದರೂ ಹೆಸರಿಗೆ ಪತ್ರವಿಲ್ಲದ ಮನೆಗಳಿಗೆ ಫೆಮಾ ದುರಸ್ತಿ ಹಣ ನಿರಾಕರಿಸಿತು. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ ಕಂಡವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ನಿಯಮ ಸಡಿಲಿಸಿ ಬೇರೆ ದಾಖಲೆಗಳನ್ನೂ, ಕೆಲವು ಸಂದರ್ಭದಲ್ಲಿ ಮನೆಯವರ ಸ್ವಂತ ಘೋಷಣೆಯನ್ನೂ ಒಪ್ಪತೊಡಗಿದರು. ಮರಿಯಾ ಬಂದು ಆಗಲೇ ನಾಲ್ಕು ವರ್ಷ. ಬಿಸಿಗಾಳಿ ಹಾಯಿಸಿ ಮಾಡಿಗೆ ಅಂಟಿಕೂರುವಂತೆ ಮಾಡುವ ಶ್ರಿಂಕ್ ರ‍್ಯಾಪ್ ಹಾಳೆ ಇದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ, ಖರ್ಚೂ ಹೆಚ್ಚು. ಕೈಯಲ್ಲಿ ಹಣವಿದ್ದು, ಮೇಸ್ತ್ರಿ ಸಿಗಲು ಆರು ತಿಂಗಳು ಅನ್ನಿಸಿದರೆ ಅದೇ ವಾಸಿ.

ಮೇಲೆ ಹಾಳೆ ಬಿದ್ದ ಕೂಡಲೇ ಒಳಗಿನದು ಮರೆತುಹೋಗುತ್ತದೆ, ಇದು ಸೇವೆಯ ತಪ್ಪಲ್ಲ, ಮನುಷ್ಯರದ್ದು. ಒದ್ದೆಯಾದ ಜಾಗದಲ್ಲಿ 24ರಿಂದ 48 ಗಂಟೆಯೊಳಗೆ ಬೂಷ್ಟು ಹಿಡಿಯುತ್ತದೆ. ಅಟ್ಟದಲ್ಲಿ ಹಾಸಿದ ಗಾಜಿನ ನಾರಿನ ಪದರ ನೀರು ಕುಡಿದರೆ ಭಾರಕ್ಕೆ ಕೆಳಗಿನ ಜಿಪ್ಸಂ ಹಲಗೆಯೇ ಜಗ್ಗುತ್ತದೆ. ನೆನೆದದ್ದನ್ನು ಕಿತ್ತು ಹೊರಗೆ ಹಾಕಿ, ಆಮೇಲೆ ಫ್ಯಾನು ಹಚ್ಚಿ. ಕಿತ್ತು ಹಾಕುವ ಮುಂಚೆ ಫೋಟೊ, ಬಿಸಾಡುವ ಮುಂಚೆ ಒಂದು ತುಂಡು ಚೀಲದಲ್ಲಿ. ವಿಮೆಯವರು ಕೇಳುವುದು ಅದನ್ನೇ.

ವಿಮೆಯ ಮಾತು ಬಂದಿದ್ದರಿಂದ: ಬ್ಲೂ ರೂಫ್ ಪಡೆದರೆ ವಿಮೆ ಹೋಗುತ್ತದೆ ಎಂಬುದು ಸುಳ್ಳು. ಹಾನಿ ಹೆಚ್ಚದಂತೆ ತಡೆಯುವುದು ಪಾಲಿಸಿದಾರರ ಹೊಣೆ ಎಂದೇ ಪಾಲಿಸಿಗಳಲ್ಲಿ ಬರೆದಿರುತ್ತದೆ. ಟಾರ್ಪಾಲು, ರೀಪು, ಸ್ಕ್ರೂಗಳ ರಸೀದಿ ಎತ್ತಿಡಿ. ಆದರೆ ಫ್ಲೋರಿಡಾದಲ್ಲಿ ಚಂಡಮಾರುತದ ಡಿಡಕ್ಟಿಬಲ್, ಅಂದರೆ ವಿಮೆಯವರು ಕೊಡುವ ಮುಂಚೆ ನಾವೇ ಹೊರಬೇಕಾದ ಪಾಲು, ಬೇರೆಯೇ ಇರುತ್ತದೆ, ಹೆಚ್ಚಾಗಿ ಮನೆಯ ವಿಮಾ ಮೌಲ್ಯದ 2%, 5% ಅಥವಾ 10%. ನಾಲ್ಕು ಲಕ್ಷ ಡಾಲರಿಗೆ 2% ಅಂದರೂ ಮೊದಲ 8,000 ಡಾಲರ್ ನಿಮ್ಮ ಜೇಬಿನದು. “ಆ ಹಣ ನಾವೇ ಬಿಟ್ಟುಕೊಡುತ್ತೇವೆ, ಸಹಿ ಹಾಕಿ” ಎಂದು ಬಾಗಿಲಿಗೆ ಬರುವ ಗುತ್ತಿಗೆದಾರರು ಅಲ್ಲಿ ಕಾನೂನು ಮುರಿಯುತ್ತಿದ್ದಾರೆ. ಕ್ಲೇಮು ಹೂಡಲು ಹಾನಿಯಾದ ದಿನದಿಂದ ಒಂದು ವರ್ಷ ಮಾತ್ರ. ಹಾಳೆ ಗಟ್ಟಿಯಾಗಿದೆ, ನಿಧಾನ ನೋಡೋಣ ಎಂದು ಕೂತವರು ಈ ಗಡುವು ತಪ್ಪಿಸಿಕೊಳ್ಳುತ್ತಾರೆ.

ಅಂಕ ಕೊಡಲೇಬೇಕೆಂದರೆ ಐದಕ್ಕೆ ಮೂರೂವರೆ. ಒಂದು ಅಂಕ ಹೆಂಚಿನ, ತಗಡಿನ ಮನೆಯವರನ್ನು ಹೊರಗಿಟ್ಟಿದ್ದಕ್ಕೆ ಹೋಯಿತು, ಅರ್ಧ ಆ 30 ದಿನಕ್ಕೆ. ಕಾಯಂ ಮಾಡಿನ ಕೆಲಸ ಶುರುವಾಗಿ ಹಾಳೆ ಬಿಚ್ಚುವ ದಿನ ರೀಪು ಕಿತ್ತ ಸಾಲಿನಲ್ಲೆಲ್ಲ ಮೊಳೆಯ ತೂತು ಉಳಿದಿರುತ್ತದೆ. ಹಾನಿಯಾಗದ ಭಾಗದ ಶಿಂಗಲ್ಸಿಗೂ, ನೆತ್ತಿಯಾಚೆಯ ಆ ನಾಲ್ಕಡಿಗೂ ಮೊಳೆ ಬಿದ್ದಿರುತ್ತದೆ. ಮೇಸ್ತ್ರಿಯ ಅಂದಾಜುಪಟ್ಟಿಯಲ್ಲಿ ಅದನ್ನೂ ಬರೆಸಿ.