ಕೆಮ್ಮಣ್ಣಿನಲ್ಲಿ ಆರ್‌ಸಿ ಬಗ್ಗಿ: ಡ್ರೈವ್‌ಟ್ರೇನ್ ಬದಲಾವಣೆಗಳ ದೀರ್ಘಕಾಲದ ಅನುಭವ

ನನ್ನ ಬಳಿ ಇರುವುದು 1/8 ಅಳತೆಯ, ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಎಲೆಕ್ಟ್ರಿಕ್ ರೇಸಿಂಗ್ ಬಗ್ಗಿ, ಅಂದರೆ ರೇಡಿಯೊ ರಿಮೋಟಿನಿಂದ (ಆರ್‌ಸಿ) ಓಡಿಸುವ ಚಿಕ್ಕ ಕಾರು. ಕೆಲವು ವರ್ಷಗಳಿಂದ ಇದನ್ನು ಬೇಸಿಗೆಯಲ್ಲಿ ಶಿವಮೊಗ್ಗದ ಹೊರವಲಯದ ಖಾಲಿ ಬಡಾವಣೆಗಳಲ್ಲಿಯೂ, ಮಳೆ ಹೊಳವಾದಾಗ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿಂದಿನ ಜಂಬಿಟ್ಟಿಗೆ ಗುಡ್ಡದಲ್ಲಿಯೂ ಓಡಿಸುತ್ತಿದ್ದೇನೆ. ಮೋಟಾರು, ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ), ಸರ್ವೋ (ಚಕ್ರ ಹೊರಳಿಸುವ ಚಿಕ್ಕ ಮೋಟಾರು) ಇವುಗಳ ಬಗ್ಗೆ ನನ್ನ ತಕರಾರೇನೂ ಇಲ್ಲ. ಹಣ, ಸಮಯ ಎರಡೂ ಖರ್ಚಾಗುವುದು ಮೋಟಾರಿನ ಶಕ್ತಿಯನ್ನು ಚಕ್ರಗಳಿಗೆ ಒಯ್ಯುವ ಡ್ರೈವ್‌ಟ್ರೇನ್‌ನಲ್ಲಿಯೇ ಆದ್ದರಿಂದ ಈ ವಿಮರ್ಶೆಯನ್ನು ಅದಕ್ಕಷ್ಟೇ ಸೀಮಿತಗೊಳಿಸುತ್ತೇನೆ.

ಮೊದಲು ಸ್ವಲ್ಪ ಲೆಕ್ಕ. 4ಎಸ್ (ನಾಲ್ಕು ಸೆಲ್‌ಗಳ) ಲಿಪೋ ಬ್ಯಾಟರಿಯ 14.8 ವೋಲ್ಟ್‌ನಲ್ಲಿ 2000 ಕೆವಿ (ಪ್ರತಿ ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು) ಮೋಟಾರು ಭಾರವಿಲ್ಲದಿದ್ದರೆ ನಿಮಿಷಕ್ಕೆ 29,600 ಸುತ್ತು ತಿರುಗುತ್ತದೆ. ಮೋಟಾರಿನ ಶಾಫ್ಟಿನಲ್ಲಿರುವ 15 ಹಲ್ಲಿನ ಪಿನಿಯನ್ (ಚಿಕ್ಕ ಗೇರ್), ಅದು ತಿರುಗಿಸುವ 46 ಹಲ್ಲಿನ ಸ್ಪರ್ ಗೇರ್, ಆಮೇಲೆ ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನಲ್ಲಿ 10 ಮತ್ತು 43 ಹಲ್ಲುಗಳ ಜೋಡಿ, ಇವೆಲ್ಲ ಸೇರಿ ಮೋಟಾರಿನ ಸುಮಾರು 13.2 ಸುತ್ತಿಗೆ ಚಕ್ರದ ಒಂದು ಸುತ್ತು ಬರುತ್ತದೆ. ಟೈರಿನ ವ್ಯಾಸ 112 ಮಿಲಿಮೀಟರ್ ಎಂದು ಹಿಡಿದರೆ ಗಂಟೆಗೆ 47 ಕಿಲೋಮೀಟರ್ ಆಸುಪಾಸಿನ ವೇಗವಾಯಿತು. ಈ ವೇಗವನ್ನು ಯಾವ ಗೇರ್ ಆದರೂ ತಾಳಿಕೊಳ್ಳುತ್ತದೆ. ಹಲ್ಲು ಹಾರುವುದು ಬಹುತೇಕ ಜಿಗಿತದಿಂದ ಇಳಿಯುವಾಗ. ಥ್ರಾಟಲ್ ಬಿಡದೆ ಇಳಿಸಿದರೆ ಗಾಳಿಯಲ್ಲಿ ರೊಯ್ಯನೆ ತಿರುಗುತ್ತಿದ್ದ ಚಕ್ರಗಳು ನೆಲಕ್ಕೆ ತಾಗಿದೊಡನೆ ತಡೆದು, ಆ ಏಟೆಲ್ಲ ಹಿಂದಿನ ಡಿಫರೆನ್ಷಿಯಲ್ ಪಿನಿಯನ್ನಿನ ಒಂದೆರಡು ಹಲ್ಲುಗಳ ಬುಡದ ಮೇಲೆ ಬೀಳುತ್ತದೆ.

ಆದ್ದರಿಂದ ನಾನು ಮಾಡಿದ ಬದಲಾವಣೆಗಳಲ್ಲಿ ಕೊಟ್ಟ ಹಣಕ್ಕೆ ಮೋಸವಿಲ್ಲದ್ದು ಹಿಂದಿನ ಡಿಫರೆನ್ಷಿಯಲ್‌ಗೆ ಹಾಕಿದ ಓರೆಹಲ್ಲಿನ ರಿಂಗ್ (ದೊಡ್ಡ ಗೇರ್) ಮತ್ತು ಪಿನಿಯನ್. ಬಗ್ಗಿಯ ಜೊತೆ ಬಂದಿದ್ದ ನೇರ ಹಲ್ಲಿನ ಜೋಡಿ ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು. ಅಂಥದು ಸವೆಯುವುದಕ್ಕೆ ಮೊದಲೇ ಚೂರಾಗಿ ಮುರಿಯುತ್ತದೆ. ಓರೆಹಲ್ಲುಗಳಲ್ಲಿ ಒಂದು ಹಲ್ಲು ಬಿಡುವ ಮೊದಲೇ ಇನ್ನೊಂದು ಹಿಡಿದಿರುವುದರಿಂದ ಏಟು ಹಂಚಿಹೋಗುತ್ತದೆ, ಸದ್ದೂ ಕಡಿಮೆ. ಆದರೆ ಹಲ್ಲುಗಳ ಅದೇ ಓರೆತನ ಪಿನಿಯನ್ನನ್ನು ಉದ್ದಕ್ಕೆ ತಳ್ಳುವುದರಿಂದ ಬೇರಿಂಗಿನ ಮೇಲೆ ಪಕ್ಕದ ಒತ್ತಡ ಬೀಳುತ್ತದೆ; ಶಿಮ್ (ಸಂದಿ ತುಂಬುವ ತೆಳು ಬಿಲ್ಲೆ) ಸರಿಯಾಗಿ ಕೂರಿಸದಿದ್ದರೆ ದುಬಾರಿ ಗೇರ್ ಹಳೆಯದಕ್ಕಿಂತ ಬೇಗ ಹಾಳಾಗುತ್ತದೆ. ನನಗೆ ಕಳಿಸಿದ ಮಾರಾಟಗಾರರು ಪೊಟ್ಟಣದಲ್ಲಿ ಒಂದು ಶಿಮ್ಮನ್ನೂ ಇಟ್ಟಿರಲಿಲ್ಲ. 0.1 ಮತ್ತು 0.2 ಮಿಲಿಮೀಟರ್ ದಪ್ಪದವನ್ನು ಬೇರೆಯಾಗಿ ತರಿಸಿ, ಕೇಸು ಮುಚ್ಚಿ, ಔಟ್‌ಡ್ರೈವ್ (ಡಿಫರೆನ್ಷಿಯಲ್‌ನಿಂದ ಹೊರಚಾಚಿದ ಬಟ್ಟಲಿನಂಥ ತುದಿ) ಹಿಡಿದು ಬೆರಳಲ್ಲಿ ತಿರುಗಿಸುತ್ತಾ, ಕೂದಲೆಳೆಯಷ್ಟು ಮಾತ್ರ ಅಲ್ಲಾಟ ಉಳಿಯುವವರೆಗೆ ಒಂದೊಂದಾಗಿ ಸೇರಿಸಬೇಕಾಯಿತು. ಒಂದು ಸುತ್ತಿನಲ್ಲಿ ಎಲ್ಲಾದರೂ ಬಿಗಿಯೆನಿಸಿದರೆ ಒಂದು ಶಿಮ್ ತೆಗೆಯುವುದೇ ಒಳ್ಳೆಯದು.

ಸ್ಪರ್ ಗೇರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಉಕ್ಕಿನ ಸ್ಪರ್ ಹಾಕಿ ಒಂದು ಬೇಸಿಗೆ ಪೂರ್ತಿ ಓಡಿಸಿ ನೋಡಿದ್ದೇನೆ. ಅದು ಸವೆಯಲಿಲ್ಲ, ನಿಜ. ಆದರೆ ನಮ್ಮ ಗುಡ್ಡದ ಜಂಬಿಟ್ಟಿಗೆ ಹರಳು ಗೇರುಗಳ ನಡುವೆ ಸಿಕ್ಕಿದಾಗ ಪ್ಲಾಸ್ಟಿಕ್ ಸ್ಪರ್ ನಾಲ್ಕು ಹಲ್ಲು ಕಳೆದುಕೊಂಡು ಸುಮ್ಮನಾಗುತ್ತಿತ್ತು. ಉಕ್ಕಿನದು ಬಗ್ಗದೆ ಮೋಟಾರಿನ ಶಾಫ್ಟನ್ನೇ ಬಗ್ಗಿಸಿತು. ಕರೆಂಟಿಗೆ ಫ್ಯೂಸ್ ಇದ್ದಂತೆ ಈ ಗೇರುಗಳ ಸಾಲಿನಲ್ಲಿಯೂ ಅಗ್ಗದ, ಕೈಗೆ ಸುಲಭವಾಗಿ ಸಿಗುವ ಒಂದು ಭಾಗ ಮೊದಲು ಹೋಗುವಂತಿರಬೇಕು. ಈಗ ಮತ್ತೆ ಪ್ಲಾಸ್ಟಿಕ್ ಸ್ಪರ್ ಹಾಕಿ, ಪಿನಿಯನ್ನನ್ನು ಮಾತ್ರ ಗಟ್ಟಿ ಉಕ್ಕಿನದಾಗಿ ಉಳಿಸಿಕೊಂಡಿದ್ದೇನೆ. ಎರಡರ ನಡುವಿನ ಅಂತರಕ್ಕೆ ನೋಟ್‌ಬುಕ್ಕಿನ ಒಂದು ಹಾಳೆಯ ಪಟ್ಟಿ ಸಾಕು. ಪಿನಿಯನ್ನಿನ ಗ್ರಬ್ ಸ್ಕ್ರೂ ಶಾಫ್ಟಿನ ಚಪ್ಪಟೆ ಭಾಗದ ಮೇಲೆಯೇ ಕೂತಿರಬೇಕು, ಜಿಡ್ಡನ್ನು ಒರೆಸಿದ ಮೇಲೆಯೇ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಹಾಕಬೇಕು.

ಡ್ರೈವ್‌ಶಾಫ್ಟುಗಳಲ್ಲಿ ಡಾಗ್‌ಬೋನ್ (ಎರಡೂ ತುದಿಯಲ್ಲಿ ಪಿನ್ ಇರುವ ಸರಳು) ಬದಲು ಸಿವಿಡಿ (ಚಕ್ರದ ಬದಿಗೆ ಕೀಲಿರುವ ಶಾಫ್ಟು) ಹಾಕಿದ್ದರಿಂದ ತಿರುವಿನಲ್ಲಿ ಮುಂದಿನ ಚಕ್ರಗಳ ನಡುಕ ನಿಂತಿತು. ಸಿವಿಡಿಯಲ್ಲಿ ಮೊದಲು ಸವೆಯುವುದು ಅಡ್ಡಪಿನ್. ದುಂಡಗಿದ್ದದ್ದು ಒಂದು ಮಗ್ಗುಲಲ್ಲಿ ಚಪ್ಪಟೆಯಾಗಿ, ಮುಟ್ಟಿದರೆ ಉಗುರಿಗೆ ಅಂಚು ಸಿಗುತ್ತದೆ. ಹೊಸ ಪಿನ್ ಬರುವವರೆಗೆ ತಕ್ಕ ವ್ಯಾಸದ ನೀಡಲ್ ಬೇರಿಂಗಿನ ರೋಲರ್ ಹಾಕಿ ಓಡಿಸಬಹುದು. ಸವೆದ ಔಟ್‌ಡ್ರೈವ್ ಕಪ್ಪುಗಳನ್ನು ನಾನು ಶಿವಮೊಗ್ಗದ ಒಂದು ಲೇತ್‌ನಲ್ಲಿಯೇ ಮಾಡಿಸಿದೆ. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ನೆರೆಯಲ್ಲಿ ಬೆಳೆದವರಿಗೆ ಉಕ್ಕಿನ ದರ್ಜೆಗಳು ಬಾಯಿಪಾಠ: ಲೇತ್‌ನವರು ಅಳತೆ ನೋಡುವ ಮೊದಲೇ "ಇಎನ್8 ಸಾಕಾ ಸಾರ್, ಇಎನ್24 ಹಾಕ್ಲಾ?" ಎಂದು ಕೇಳಿದರು. ಇಎನ್24ರಲ್ಲಿ ಮಾಡಿಸಿ ಹಾರ್ಡನಿಂಗ್ ಕೊಡಿಸಿದ ಆ ಕಪ್ಪುಗಳು ಇಂದಿಗೂ ಬಗ್ಗಿಯಲ್ಲಿವೆ.

ಡಿಫರೆನ್ಷಿಯಲ್ ಎಣ್ಣೆ ಮುಂದೆ 5000, ನಡುವೆ 7000, ಹಿಂದೆ 3000 ಸಿಎಸ್‌ಟಿ (ಎಣ್ಣೆಯ ಮಂದತೆಯ ಅಳತೆ). ಸಡಿಲ ಮಣ್ಣಿಗೆ ಇದು ಹೊಂದುತ್ತದೆ.

ಬೇರಿಂಗುಗಳ ಬಗ್ಗೆ ಮಾತ್ರ ಮಲೆನಾಡಿನವರು ಬಯಲುಸೀಮೆಯವರ ಸಲಹೆಯನ್ನು ಹಾಗೆಯೇ ಪಾಲಿಸುವಂತಿಲ್ಲ. ಲೋಹದ ಮುಚ್ಚಳದ ಬೇರಿಂಗ್ ಹಗುರವಾಗಿ ತಿರುಗುತ್ತದೆಂದು ಹೊಗಳುವವರಿದ್ದಾರೆ. ಒದ್ದೆ ಕೆಮ್ಮಣ್ಣು ಆ ಮುಚ್ಚಳದ ಸಂದಿಯಲ್ಲಿ ಸಲೀಸಾಗಿ ಒಳನುಗ್ಗುತ್ತದೆ. ಆಷಾಢದಲ್ಲಿ ಓಡಿಸಿ ತೊಳೆದು ಹಾಗೇ ಇಟ್ಟರೆ ಮರುವಾರಕ್ಕೆ ತುಕ್ಕು ಹಿಡಿದು ಗರಗರ ಎನ್ನುತ್ತದೆ. ಎರಡೂ ಬದಿ ರಬ್ಬರ್ ಸೀಲ್ ಇರುವ ಬೇರಿಂಗ್ ತುಸು ಬಿಗಿಯೆನಿಸಿದರೂ ಇಲ್ಲಿಗೆ ಅದೇ ಸರಿ. 8×16×5 ಮಿಲಿಮೀಟರ್ ಅಳತೆಯದನ್ನು ಆರ್‌ಸಿ ಅಂಗಡಿಯಿಂದಲೇ ತರಿಸಬೇಕೆಂದಿಲ್ಲ. ಬೇರಿಂಗ್ ಅಂಗಡಿಯಲ್ಲಿ 688 ಟೂ ಆರ್‌ಎಸ್ ಎಂದು ಕೇಳಿದರೆ ಇಲ್ಲದಿದ್ದರೂ ತರಿಸಿಕೊಡುತ್ತಾರೆ. ನಾನು ಒಂದೆಡೆಯ ಸೀಲನ್ನು ಸೂಜಿಯಿಂದ ಎಬ್ಬಿಸಿ, ಒಳಗಿನ ತೆಳು ಗ್ರೀಸು ತೊಳೆದು, ನೀರಿಗೆ ಜಗ್ಗದ ಮರೀನ್ ಗ್ರೀಸು ತುಂಬಿ ಹಾಕುತ್ತೇನೆ. ಚಕ್ರದ ಬೇರಿಂಗುಗಳನ್ನು ಮಾತ್ರ ಹೀಗೂ ಪ್ರತಿ ಮಳೆಗಾಲದ ಕೊನೆಗೆ ಬದಲಿಸಲೇಬೇಕಾಗುತ್ತದೆ, ಏಕೆಂದರೆ ಕೆಸರು ನೇರವಾಗಿ ಅಪ್ಪಳಿಸುವುದು ಅವುಗಳಿಗೇ.